ಯಾರ ಕಡೆಯವರು?

ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಅತ್ತಿಗೆ ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ಒಂದು ನೋಟ್‌ಬುಕ್ ನೇತು ಹಾಕಿದ್ದಾರೆ. ಅದಕ್ಕೇ ದಾರ ಕಟ್ಟಿ ಒಂದು ಪೆನ್ನು. ಪ್ರತಿ ಹಾಳೆಯಲ್ಲೂ ಗೀಟು ಎಳೆದು ಐದು ಕಾಲಂ ಮಾಡಿದ್ದಾರೆ. ಹೆಸರು, ಊರು, ಎಷ್ಟು ಬಾಟಲಿ, ದುಡ್ಡು ಬಂತೋ ಇಲ್ಲವೋ. ಐದನೆಯದರ ಮೇಲೆ ‘ಯಾರ ಕಡೆ’ ಅಂತ ಬರೆದಿದೆ. ಹೊಸಬರು ಯಾರೇ ಫೋನ್ ಮಾಡಿದರೂ ಅತ್ತಿಗೆ ಕೇಳುವ ಮೊದಲ ಪ್ರಶ್ನೆ, “ನಮ್ಮ ನಂಬರು ಯಾರು ಕೊಟ್ರು ನಿಮಗೆ?”

ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಮೂರು ವರ್ಷದ ಹಿಂದೆ ಅತ್ತಿಗೆಗೆ ಉಪಕಾರ ಮಾಡುತ್ತೇನೆ ಅಂತ ಒಂದು ಇನ್‌ಸ್ಟಾಗ್ರಾಂ ಪೇಜ್ ಶುರು ಮಾಡಿದೆ. ಭರಣಿಯಿಂದ ಮಿಡಿ ತೆಗೆಯುವ ಒಂದು ರೀಲ್ ಚೆನ್ನಾಗಿ ಓಡಿತು. ಖಾರದ ಕೆಂಪು, ತೊಟ್ಟಿನ ಜೊತೆಗೇ ಚಿರುಟಿದ ಮಿಡಿ, ಹಿಂದೆ ಮಳೆ ಸದ್ದು. ನೋಡಿದರೆ ಬಾಯಲ್ಲಿ ನೀರು ಬರಬೇಕು, ಹಾಗಿತ್ತು. ಫಾಲೋವರ್‌ಗಳು 4,000 ದಾಟಿದರು. ಇನ್ನಷ್ಟು ಜನರಿಗೆ ಕಾಣಲಿ ಅಂತ ಮೂರು ಸಾವಿರ ರೂಪಾಯಿ ಕೊಟ್ಟು ಬೂಸ್ಟ್ ಕೂಡ ಮಾಡಿದೆ. ಸೀಸನ್ ಮುಗಿದ ಮೇಲೆ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದರೆ, ನನ್ನ ಪೇಜ್ ಕಡೆಯಿಂದ ಬಂದ ಆರ್ಡರ್ ಹನ್ನೊಂದು.

ಅದೇ ಹಾಳೆಯಲ್ಲಿ ಇನ್ನೊಂದು ಸಾಲು ಇತ್ತು. ಬೆಂಗಳೂರು, 64 ಬಾಟಲಿ, ಯಾರ ಕಡೆ: ‘ಮದುವೆಗೆ ಬಂದಿದ್ದ ಹುಡುಗಿ’. ಆಕೆ ಅತ್ತಿಗೆಯ ತಂಗಿ ಮಗಳ ಆಫೀಸಿನವಳು. ಒಂದೇ ಒಂದು ಸಲ ಮದುವೆಗೆ ಅಂತ ಊರಿಗೆ ಬಂದು, ಹೋಗುವಾಗ ಎರಡು ಬಾಟಲಿ ಒಯ್ದಿದ್ದಳು. ಅದು ಖಾಲಿಯಾದ ದಿನ ತನ್ನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ, “ಮಿಡಿ ಉಪ್ಪಿನಕಾಯಿ ತರಿಸ್ತಿದ್ದೀನಿ, ಯಾರಿಗಾದ್ರೂ ಬೇಕಾ?” ಅಂತ ಹಾಕಿದಳಂತೆ. ಫೋಟೋ ಇಲ್ಲ, ಮಳೆ ಸದ್ದೂ ಇಲ್ಲ.

ನನಗೆ ಸ್ವಲ್ಪ ಅವಮಾನವೇ ಆಯಿತು ಅನ್ನಿ. ಆದರೆ ಸೋಶಿಯಲ್ ನೆಟ್‌ವರ್ಕ್‌ನಿಂದ ವ್ಯಾಪಾರಕ್ಕೆ ನಿಜವಾಗಿ ಏನು ಲಾಭ, ಅದು ಎಲ್ಲಿಂದ ಹುಟ್ಟುತ್ತದೆ, ಕೊನೆಗೆ ಯಾರ ಜೇಬಿಗೆ ಹೋಗುತ್ತದೆ ಅನ್ನುವುದು ಅರ್ಥವಾಗಲು ಶುರುವಾಗಿದ್ದು ಆ ಎರಡು ಸಾಲುಗಳಿಂದಲೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಸೋಶಿಯಲ್ ಮೀಡಿಯಾ, ಸೋಶಿಯಲ್ ನೆಟ್‌ವರ್ಕ್ ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಎರಡೂ ಬೇರೆ. ಮೊದಲನೆಯದು ಮೈಕು. ನಾನೊಬ್ಬ ಮಾತಾಡುತ್ತೇನೆ, ನಾಲ್ಕು ಸಾವಿರ ಜನ ಕೇಳಿಸಿಕೊಳ್ಳುತ್ತಾರೆ, ಆದರೆ ಅವರಿಗೆ ನಾನೂ ಗೊತ್ತಿಲ್ಲ, ಪಕ್ಕದಲ್ಲಿ ನಿಂತವನೂ ಗೊತ್ತಿಲ್ಲ. ಎರಡನೆಯದು ಪರಿಚಯದ ಬಲೆ. ಅಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದಕ್ಕಿಂತ ಯಾರಿಗೆ ಯಾರು ಗೊತ್ತು ಅನ್ನುವುದು ಮುಖ್ಯ. ಬಲೆ ಅನ್ನುವುದು ಗಂಟುಗಳಲ್ಲಿ ತಾನೇ ಇರುವುದು? ಫೇಸ್‌ಬುಕ್, ವಾಟ್ಸಾಪ್, ಲಿಂಕ್ಡ್‌ಇನ್ ಬರುವ ಎಷ್ಟೋ ಮೊದಲೇ ಬಲೆ ಇತ್ತು. ಆ್ಯಪ್‌ಗಳು ಮಾಡಿದ್ದು ಅದನ್ನು ಪರದೆಯ ಮೇಲೆ ಕಾಣುವಂತೆ ಮಾಡಿದ್ದು, ಆಮೇಲೆ ಅದಕ್ಕೊಂದು ಬೆಲೆ ಕಟ್ಟಿದ್ದು.

ಈ ಬಲೆಯ ಗಂಟುಗಳಲ್ಲಿ ಯಾವುದಕ್ಕೆ ಬೆಲೆ ಜಾಸ್ತಿ? ಥಟ್ಟನೆ ಕೇಳಿದರೆ ಎಲ್ಲರೂ ‘ಹತ್ತಿರದವರು’ ಅಂತಲೇ ಹೇಳುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಇದನ್ನು ಅಳೆದೇ ನೋಡಿದರು. ಬಾಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ ಆಗಷ್ಟೇ ಕೆಲಸ ಬದಲಿಸಿದ್ದವರನ್ನು ಹುಡುಕಿ, ಈ ಕೆಲಸದ ಸುದ್ದಿ ಯಾರಿಂದ ಗೊತ್ತಾಯಿತು, ಅವರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದರು. ಪರಿಚಯದವರ ಮೂಲಕ ಕೆಲಸ ಹಿಡಿದವರ ಪೈಕಿ, ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದ ಹತ್ತಿರದವರಿಂದ ಸುದ್ದಿ ಸಿಕ್ಕಿದ್ದು ಶೇ. 16.7 ಜನರಿಗೆ ಮಾತ್ರ. ಅಪರೂಪಕ್ಕೆ ಸಿಗುವವರಿಂದ ಶೇ. 55.6. ವರ್ಷಕ್ಕೆ ಒಂದು ಸಲ ಕಂಡರೆ ಹೆಚ್ಚು, ಅಂಥವರಿಂದ ಶೇ. 27.8. ಸುದ್ದಿ ಕೊಟ್ಟವರು ಸ್ನೇಹಿತರಾ ಅಂತ ಕೇಳಿದರೆ, “ಸ್ನೇಹಿತ ಅಲ್ಲ, ಸುಮ್ನೆ ಪರಿಚಯ” ಅಂತ ಜನ ಗ್ರಾನೊವೆಟರ್ ಅವರನ್ನೇ ತಿದ್ದುತ್ತಿದ್ದರಂತೆ. 1973ರಲ್ಲಿ ಅಚ್ಚಾದ ಅವರ ಪ್ರಬಂಧ ಸಮಾಜಶಾಸ್ತ್ರದಲ್ಲಿ ಅತಿ ಹೆಚ್ಚು ಉಲ್ಲೇಖವಾದ ಬರಹಗಳಲ್ಲಿ ಒಂದು.

ಕಾರಣ ಯೋಚಿಸಿದರೆ ಸರಳ. ಗಟ್ಟಿ ನಂಟಿನವರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ಒಂದೇ ಮದುವೆಗೆ ಹೋಗುತ್ತೇವೆ, ಒಂದೇ ಸುದ್ದಿ ಕೇಳುತ್ತೇವೆ. ಸಡಿಲ ನಂಟಿನವರು ಬೇರೆ ಕೇರಿಯವರು, ಅವರು ಹೊತ್ತು ತರುವುದು ಬೇರೆ ಸುದ್ದಿ. ಇಷ್ಟನ್ನೂ ನಾನು ಅತ್ತಿಗೆಗೆ ವಿವರಿಸಲು ಹೋದೆ. ಅವರು ಮಿಡಿಗೆ ಉಪ್ಪು ಹಾಕುತ್ತಿದ್ದವರು ತಲೆ ಎತ್ತದೆಯೇ ಹೇಳಿದರು, “ಅಲ್ಲ ಮಾರಾಯ, ನಮ್ಮವರ ಮನೇಲೆಲ್ಲ ಉಪ್ಪಿನಕಾಯಿ ಇರ್ತದೆ. ಅವರಿಗೆ ಮಾರೋದು ಅಂದ್ರೆ ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ.”

ಐವತ್ತು ವರ್ಷದ ನಂತರ ಇದೇ ವಿಚಾರ ಇನ್ನೊಂದು ಪರೀಕ್ಷೆಗೆ ಬಿತ್ತು, ಈ ಸಲ ದೊಡ್ಡ ಪ್ರಮಾಣದಲ್ಲಿ. ಕೆಲಸದ ಪರಿಚಯಗಳಿಗಂತಲೇ ಇರುವ ಲಿಂಕ್ಡ್‌ಇನ್‌ನಲ್ಲಿ ‘ಇವರು ನಿಮಗೆ ಪರಿಚಯ ಇರಬಹುದು’ ಅಂತ ಹೆಸರು ತೋರಿಸುತ್ತಾರಲ್ಲ, ಅದನ್ನು ಐದು ವರ್ಷ ಕಾಲ ಬೇರೆ ಬೇರೆ ಜನರಿಗೆ ಬೇರೆ ಬೇರೆ ಥರ ತೋರಿಸಿ ನೋಡಿದರು. ಕೆಲವರಿಗೆ ಹತ್ತಿರದವರನ್ನು ಜಾಸ್ತಿ, ಕೆಲವರಿಗೆ ದೂರದವರನ್ನು ಜಾಸ್ತಿ. ಸುಮಾರು 2 ಕೋಟಿ ಜನ ಇದರೊಳಗಿದ್ದರು. ಅವರಿಗೆ ಇದು ಪ್ರಯೋಗ ಅಂತ ಗೊತ್ತಿರಲಿಲ್ಲ. ಅದು ಸರಿಯಾ ಅನ್ನುವ ಪ್ರಶ್ನೆ ಆಮೇಲೆ ಎದ್ದಿತು, ಏಳಬೇಕಾದ್ದೇ. ಫಲಿತಾಂಶ 2022ರ ಸೆಪ್ಟೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಗ್ರಾನೊವೆಟರ್ ಹೇಳಿದ್ದು ಸರಿ, ಆದರೆ ಒಂದು ತಿದ್ದುಪಡಿ ಜೊತೆಗೆ. ಕೆಲಸ ಕೊಡಿಸುವುದರಲ್ಲಿ ಮುಂದಿದ್ದದ್ದು ತೀರ ಹತ್ತಿರದವರೂ ಅಲ್ಲ, ತೀರ ಅಪರಿಚಿತರೂ ಅಲ್ಲ. ನಡುವಿನವರು. ಎರಡೂ ಕಡೆಗೆ ಒಂದಷ್ಟು ಜನ ಗುರುತಿನವರು ಇರುವಂಥವರು.

ಈ ತಿದ್ದುಪಡಿ ನನಗೆ ಮೂಲ ಮಾತಿಗಿಂತ ಮುಖ್ಯ ಅನ್ನಿಸುತ್ತದೆ. ನನ್ನ ನಾಲ್ಕು ಸಾವಿರ ಫಾಲೋವರ್‌ಗಳು ತೀರ ಅಪರಿಚಿತರು. ಮದುವೆಗೆ ಬಂದಿದ್ದ ಹುಡುಗಿ ನಡುವಿನವಳು. ಅವಳಿಗೆ ಉಪ್ಪಿನಕಾಯಿ ಯಾರ ಮನೆಯದ್ದು ಅಂತ ಗೊತ್ತು, ಭರಣಿ ಇಟ್ಟ ಕೋಣೆ ನೋಡಿದ್ದಾಳೆ. ಅಪಾರ್ಟ್‌ಮೆಂಟಿನವರಿಗೆ ಅವಳು ಗೊತ್ತು, ಉಪ್ಪಿನಕಾಯಿ ಕೆಟ್ಟದ್ದಾದರೆ ಮೂರನೇ ಮಹಡಿಯಲ್ಲೇ ಸಿಗುತ್ತಾಳೆ. ಎರಡು ಗುಂಪು, ನಡುವೆ ಖಾಲಿ ಜಾಗ, ಅದರ ಮೇಲೆ ಒಬ್ಬಳೇ ಸಂಕ, ಅಂದರೆ ಕಾಲುಸೇತುವೆ. ರೊನಾಲ್ಡ್ ಬರ್ಟ್ ಎಂಬ ಇನ್ನೊಬ್ಬ ವಿದ್ವಾಂಸರು ಈ ಖಾಲಿ ಜಾಗಗಳ ಮೇಲೆಯೇ ಜೀವಮಾನದ ಕೆಲಸ ಮಾಡಿದ್ದಾರೆ. ಕಂಪನಿಗಳ ಒಳಗೆ ನೋಡಿದರೂ, ಬೇರೆ ಬೇರೆ ವಿಭಾಗಗಳ ನಡುವೆ ಸಂಕದ ಹಾಗೆ ಇರುವವರಿಗೇ ಒಳ್ಳೆಯ ಯೋಚನೆಗಳು ಹೊಳೆಯುವುದು ಹೆಚ್ಚು, ಬಡ್ತಿ ಸಿಗುವುದೂ ಹೆಚ್ಚು ಅಂತ ಅವರು ತೋರಿಸಿದರು. ಬೆಂಗಳೂರಿನ ಐಟಿ ಕಂಪನಿಗಳು ಉದ್ಯೋಗಿಗಳಿಗೆ ರೆಫರಲ್ ಬೋನಸ್ ಕೊಡುವುದೂ ಇದೇ ಸಂಕದ ಬಾಡಿಗೆ. ನಿನ್ನ ಪರಿಚಯದವನನ್ನು ಕರೆತಾ, ನಿನ್ನ ಹೆಸರು ಅವನ ಬೆನ್ನಿಗಿರಲಿ ಅಂತ.

ಇದಕ್ಕೆ ನಮ್ಮ ಕಡೆಯ ಒಂದು ಉದಾಹರಣೆ ಇದೆ, ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. 1925ರಲ್ಲಿ ಉಡುಪಿಯಲ್ಲಿ ಮೂರು ಜನ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಶುರು ಮಾಡಿದರು. ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾ. ಟಿ.ಎಂ.ಎ. ಪೈ. ಕೈಮಗ್ಗದವರು ಕಷ್ಟದಲ್ಲಿದ್ದ ಕಾಲ ಅದು. ಮುಂದೆ ಇದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಬ್ಯಾಂಕಿನ ಏಜೆಂಟು ದಿನಾ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಿಂದ ಶುರು ಮಾಡಿ ದುಡ್ಡು ವಸೂಲಿ ಮಾಡುವುದು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರು, ಅಂಗಡಿ ಬಿಟ್ಟು ಏಳಲು ಆಗದವರು, ಎಲ್ಲರ ಬಾಗಿಲಿಗೂ ಬ್ಯಾಂಕೇ ಬಂತು.

ಎರಡಾಣೆ ಯಾವ ಧೈರ್ಯದಲ್ಲಿ ಕೊಟ್ಟರು? ಬ್ಯಾಂಕಿನ ಬೋರ್ಡು ನೋಡಿ ಅಲ್ಲ. ಬಂದವನು ಯಾರ ಮನೆ ಹುಡುಗ ಅಂತ ಗೊತ್ತಿತ್ತು. ಬ್ಯಾಂಕಿಗೂ ಅದರಿಂದ ಬರೀ ಎರಡಾಣೆ ಸಿಗಲಿಲ್ಲ. ಯಾರ ಅಂಗಡಿ ನಡೆಯುತ್ತಿದೆ, ಯಾರು ಒಂದು ದಿನವೂ ತಪ್ಪಿಸುವುದಿಲ್ಲ, ಯಾರು ವಾರದಿಂದ ‘ನಾಳೆ ಬಾ’ ಅನ್ನುತ್ತಿದ್ದಾರೆ, ದಿನಾ ಬಾಗಿಲಿಗೆ ಹೋಗುವವನಿಗೆ ಇದೆಲ್ಲ ಗೊತ್ತಾಗದೆ ಇರುತ್ತದಾ? ಸಾಲ ಕೊಡುವವರಿಗೆ ಇದಕ್ಕಿಂತ ಒಳ್ಳೆಯ ಮಾಹಿತಿ ಇನ್ನೇನು ಬೇಕು? ಇವತ್ತಿನ ಕಂಪನಿಗಳು ಡೇಟಾ ಅಂತ ಕರೆಯುವುದನ್ನು ಪಿಗ್ಮಿಯವರು ಸೈಕಲ್ ಮೇಲೆ ಹೊತ್ತು ತರುತ್ತಿದ್ದರು. ‘ಪಿಗ್ಮಿ ಕಟ್ಟುವುದು’ ಅನ್ನುವ ಮಾತು ನಮ್ಮ ಕಡೆಯ ಪೇಟೆಗಳಲ್ಲಿ ಇವತ್ತಿಗೂ ಇದೆ.

ಇನ್ನು ಸಂಖ್ಯೆಯ ಮಾತು. ಜನ ಜಾಸ್ತಿ ಆದಷ್ಟೂ ನೆಟ್‌ವರ್ಕಿನ ಬೆಲೆ ಜಾಸ್ತಿ ಅನ್ನುವುದು ಸುಳ್ಳೇನಲ್ಲ. ಊರಲ್ಲಿ ಒಂದೇ ಒಂದು ಫೋನ್ ಇದ್ದರೆ ಅದು ಬರೀ ಡಬ್ಬಿ. ಇಬ್ಬರ ಹತ್ತಿರ ಇದ್ದರೆ ಒಂದು ಸಂಪರ್ಕ. ಐದು ಜನರಾದರೆ ಹತ್ತು ಸಂಪರ್ಕ, ಹತ್ತು ಜನರಾದರೆ ನಲವತ್ತೈದು, ನೂರು ಜನರಾದರೆ 4,950. ಜನ ಹತ್ತು ಪಟ್ಟಾದರೆ ಸಂಪರ್ಕ ನೂರು ಪಟ್ಟಿಗಿಂತಲೂ ಹೆಚ್ಚು. ಕಂಪ್ಯೂಟರುಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸುವ ಈಥರ್‌ನೆಟ್ ಕಂಡುಹಿಡಿದವರಲ್ಲಿ ಒಬ್ಬರಾದ ರಾಬರ್ಟ್ ಮೆಟ್‌ಕಾಫ್ 1980ರ ಆಸುಪಾಸಿನಲ್ಲಿ ಈ ಲೆಕ್ಕವನ್ನು ಗಿರಾಕಿಗಳಿಗೆ ಚಿತ್ರ ಬರೆದು ತೋರಿಸುತ್ತಿದ್ದರು. ಅವರಿಗೆ ನೆಟ್‌ವರ್ಕ್ ಕಾರ್ಡು ಮಾರಬೇಕಿತ್ತು. ಮೂರು ಕಾರ್ಡು ತಗೊಂಡು ಏನೂ ಪ್ರಯೋಜನ ಇಲ್ಲ ಅಂತ ಗೊಣಗಿದವರಿಗೆ, ಇನ್ನೂ ಜಾಸ್ತಿ ತಗೊಳ್ಳಿ ಅನ್ನಲು ಒಳ್ಳೆಯ ನೆಪ. ಮುಂದೆ ಅದಕ್ಕೆ ಮೆಟ್‌ಕಾಫ್ ನಿಯಮ ಅಂತ ಹೆಸರೇ ಬಂತು.

ಆದರೆ ಎಲ್ಲ ಸಂಪರ್ಕಕ್ಕೂ ಒಂದೇ ಬೆಲೆ ಅಂತ ಈ ಲೆಕ್ಕ ಇಟ್ಟುಕೊಳ್ಳುತ್ತದೆ. 2006ರಲ್ಲಿ ಮೂವರು ತಜ್ಞರು ಇದು ತಪ್ಪು ಅಂತ ಬರೆದರು, ಬೆಲೆ ಅಷ್ಟು ಜೋರಾಗಿ ಏರುವುದಿಲ್ಲ ಅಂದರು. ತಜ್ಞರೇ ಬೇಕಿಲ್ಲ, ನಮ್ಮ ಫೋನೇ ಸಾಕ್ಷಿ. ನನ್ನದರಲ್ಲಿ ಒಂಬೈನೂರು ನಂಬರ್ ಇದೆ. ಅದರಲ್ಲಿ ‘ಪ್ಲಂಬರ್ ಹಳೇ ಮನೆ’, ‘ಪ್ಲಂಬರ್ ಹೊಸ’, ‘ಪ್ಲಂಬರ್ ಬೇಡ’ ಅಂತ ಮೂರು. ಮೂರಕ್ಕೂ ಒಂದೇ ಬೆಲೆ ಕಟ್ಟಲು ಆಗುತ್ತದಾ?

ಸಂಖ್ಯೆ ನಂಬಿ ಕೆಟ್ಟವರ ಕಥೆ ಬೇಕಾದಷ್ಟಿದೆ. ಮೈಸ್ಪೇಸ್ ಒಂದು ಕಾಲದಲ್ಲಿ ಅಮೆರಿಕದ ದೊಡ್ಡ ಸೋಶಿಯಲ್ ನೆಟ್‌ವರ್ಕ್. 2005ರಲ್ಲಿ ನ್ಯೂಸ್ ಕಾರ್ಪ್ ಎಂಬ ಮಾಧ್ಯಮ ಕಂಪನಿ ಅದರ ಮಾತೃಸಂಸ್ಥೆಯನ್ನು 58 ಕೋಟಿ ಡಾಲರ್‌ಗೆ ಕೊಂಡಿತು. 2011ರಲ್ಲಿ ಮೈಸ್ಪೇಸ್ ಮಾರಿದಾಗ ಸಿಕ್ಕಿದ್ದು ಸುಮಾರು ಮೂರೂವರೆ ಕೋಟಿ. ನಮ್ಮಲ್ಲಿ ಆರ್ಕುಟ್. ಸ್ಕ್ರ್ಯಾಪ್ ಬರೆಯುವುದು, ಟೆಸ್ಟಿಮೋನಿಯಲ್‌ಗೆ ಕಾಯುವುದು, ಪ್ರೊಫೈಲ್ ಯಾರು ನೋಡಿದರು ಅಂತ ಇಣುಕುವುದು. 2004ರ ಜನವರಿಯಲ್ಲಿ ಹುಟ್ಟಿದ್ದು 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ನೆಟ್‌ವರ್ಕ್ ಏರುವಾಗ ಯಾವ ಲೆಕ್ಕದಲ್ಲಿ ಏರುತ್ತದೋ ಇಳಿಯುವಾಗಲೂ ಅದೇ ಲೆಕ್ಕ. ಹತ್ತು ಜನ ಗೆಳೆಯರು ಫೇಸ್‌ಬುಕ್‌ಗೆ ಹೋದರೆ ಹನ್ನೊಂದನೆಯವನಿಗೆ ಇಲ್ಲಿ ಕೆಲಸವಿಲ್ಲ.

ಕೂ ಕಥೆ ನೆನಪಿಸಿಕೊಂಡರೆ ನನಗೆ ಈಗಲೂ ಒಂದು ಥರ ಆಗುತ್ತದೆ. ಟ್ವಿಟರ್ ಥರದ ಆ್ಯಪ್, ಬೆಂಗಳೂರಿನ ಕಂಪನಿ. 2020ರಲ್ಲಿ ಮೊದಲು ಶುರುವಾಗಿದ್ದೇ ಕನ್ನಡದಲ್ಲಿ, ಆಮೇಲೆ ಉಳಿದ ಭಾಷೆಗಳು. ಕನ್ನಡದಲ್ಲೇ ಟೈಪು ಮಾಡಿ ಕನ್ನಡದವರ ಜೊತೆ ಮಾತಾಡುವ ಜಾಗ. ಮಂತ್ರಿಗಳು ಬಂದರು, ನಟರು ಬಂದರು, ಕ್ರಿಕೆಟಿಗರು ಬಂದರು. 2024ರ ಜುಲೈನಲ್ಲಿ ಮುಚ್ಚಿತು. ದೊಡ್ಡ ಕಂಪನಿಗಳ ಜೊತೆಗಿನ ಮಾತುಕತೆ ಫಲ ಕೊಡಲಿಲ್ಲ, ಆ್ಯಪ್ ನಡೆಸುವ ತಾಂತ್ರಿಕ ಖರ್ಚು ದೊಡ್ಡದು ಅಂತ ಸ್ಥಾಪಕರು ಹೇಳಿದರು. ನಾನು ಬಳಸುವವನಾಗಿ ಕಂಡದ್ದು ಇಷ್ಟು: ಅಲ್ಲಿ ನನಗೆ ಗೊತ್ತಿದ್ದವರು ಟ್ವಿಟರ್‌ನಲ್ಲಿ ಬರೆದದ್ದನ್ನೇ ತಂದು ಹಾಕುತ್ತಿದ್ದರು. ಮೈಕು ಇಬ್ಬರದೂ ಜೋರಾಗೇ ಇತ್ತು. ಕೂನಲ್ಲಿ ಮಾತ್ರ ಸಿಗುವ ಗಂಟು ಬಿಗಿಯಲಿಲ್ಲ.

ಹಾಗಾದರೆ ಈ ಬಲೆಗೆ ದುಡ್ಡಿನಲ್ಲಿ ಬೆಲೆ ಎಷ್ಟು? ಮಾರಾಟವಾದ ಕಂಪನಿಗಳ ಲೆಕ್ಕ ಬಹಿರಂಗವಾಗಿಯೇ ಇದೆ, ಸುಮ್ನೆ ಭಾಗಿಸಿದರೆ ಸಾಕು. 2012ರಲ್ಲಿ ಫೇಸ್‌ಬುಕ್ ಇನ್‌ಸ್ಟಾಗ್ರಾಂ ಕೊಳ್ಳಲು 100 ಕೋಟಿ ಡಾಲರ್ ಒಪ್ಪಿಕೊಂಡಾಗ ಅಲ್ಲಿದ್ದದ್ದು 13 ಜನ ಕೆಲಸಗಾರರು, ಸುಮಾರು 3 ಕೋಟಿ ಬಳಕೆದಾರರು. ತಲೆಗೆ 33 ಡಾಲರ್. 2014ರಲ್ಲಿ ವಾಟ್ಸಾಪ್ ಕೊಳ್ಳುವುದಾಗಿ ಪ್ರಕಟಿಸಿದ ಬೆಲೆ 1,900 ಕೋಟಿ ಡಾಲರ್, ಬಳಕೆದಾರರು 45 ಕೋಟಿ. ತಲೆಗೆ 42. 2016ರಲ್ಲಿ ಮೈಕ್ರೋಸಾಫ್ಟ್ ಲಿಂಕ್ಡ್‌ಇನ್‌ಗೆ ಕೊಟ್ಟಿದ್ದು 2,620 ಕೋಟಿ ಡಾಲರ್, ಸದಸ್ಯರು 43 ಕೋಟಿ ಚಿಲ್ಲರೆ. ತಲೆಗೆ 60.

ಲಿಂಕ್ಡ್‌ಇನ್ ತಲೆ ಯಾಕೆ ದುಬಾರಿ? ಅಲ್ಲಿ ಜನ ತಮ್ಮ ಬಗ್ಗೆ ಬರೆಯುವುದೇ ಮಾರುಕಟ್ಟೆಗೆ ಬೇಕಾದ ವಿಷಯ. ಯಾವ ಕಂಪನಿ, ಯಾವ ಹುದ್ದೆ, ಎಷ್ಟು ವರ್ಷ. ಕೆಲಸಕ್ಕೆ ಜನ ಹುಡುಕುವ ಕಂಪನಿಗಳು ಆ ಪಟ್ಟಿಯೊಳಗೆ ಹುಡುಕಾಡಲು ಚಂದಾ ಕಟ್ಟುತ್ತವೆ. ಜಾಹೀರಾತು ಇಲ್ಲದಿದ್ದರೂ ಅಲ್ಲಿ ಆದಾಯ ಇದೆ. ವಾಟ್ಸಾಪ್ ಮೊದಲು ವರ್ಷಕ್ಕೆ ಒಂದು ಡಾಲರ್ ಕೇಳುತ್ತಿತ್ತು, 2016ರಲ್ಲಿ ಅದನ್ನೂ ಬಿಟ್ಟಿತು. ಈಗ ದುಡ್ಡು ಕೊಡುವವರು ನಾವಲ್ಲ, ನಮಗೆ ಸಂದೇಶ ಕಳಿಸುವ ಬ್ಯಾಂಕುಗಳು, ಕಂಪನಿಗಳು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಬದುಕುವುದು ಜಾಹೀರಾತಿನಿಂದ. 2023ರಲ್ಲಿ ಅವುಗಳ ಒಡೆಯ ಮೆಟಾ ಕಂಪನಿಯ ಆದಾಯ ಸುಮಾರು 13,490 ಕೋಟಿ ಡಾಲರ್, ಅದರಲ್ಲಿ ನೂರಕ್ಕೆ ತೊಂಬತ್ತೇಳು ಪಾಲಿಗಿಂತ ಹೆಚ್ಚು ಜಾಹೀರಾತಿನದ್ದೇ. ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಅಮೆರಿಕ, ಕೆನಡಾದ ಒಬ್ಬ ಫೇಸ್‌ಬುಕ್ ಬಳಕೆದಾರನಿಂದ ಕಂಪನಿಗೆ ಸರಾಸರಿ 68 ಡಾಲರ್ ಬಂತು. ನಮ್ಮನ್ನೂ ಸೇರಿಸಿದ ಏಷ್ಯಾ-ಪೆಸಿಫಿಕ್ ಕಡೆಯ ಒಬ್ಬನಿಂದ ಐದೂವರೆ ಡಾಲರ್. ನಾವೂ ಅಷ್ಟೇ ಹೊತ್ತು ನೋಡುತ್ತೇವೆ, ಬೆರಳೂ ಅಷ್ಟೇ ಸವೆಯುತ್ತದೆ. ಆದರೆ ನಮ್ಮ ಜೇಬು ಚಿಕ್ಕದು, ಜಾಹೀರಾತು ಕೊಡುವವನು ಜೇಬು ನೋಡಿ ಹರಾಜು ಕೂಗುತ್ತಾನೆ.

ಹರಾಜು ಅಂದೆನಲ್ಲ, ಅದು ನಿಜಕ್ಕೂ ಹರಾಜೇ. ನೀವು ಪರದೆ ಮೇಲೆ ಬೆರಳು ಜಾರಿಸುವಾಗ ಮುಂದಿನ ಜಾಗದಲ್ಲಿ ಯಾರ ಜಾಹೀರಾತು ಕೂರಬೇಕು ಅಂತ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಂಪ್ಯೂಟರುಗಳು ಪೈಪೋಟಿ ಮಾಡಿ ಮುಗಿಸಿರುತ್ತವೆ. ನನ್ನ ಮೂರು ಸಾವಿರ ರೂಪಾಯಿ ಆ ಹರಾಜಿನಲ್ಲಿ ಎಲ್ಲೋ ಮೂಲೆಯಲ್ಲಿ ಕೈ ಎತ್ತಿ ನಿಂತಿತ್ತು, ಸೀರೆ ಅಂಗಡಿ, ಸೈಟು ಮಾರುವವರು, ಕೋಚಿಂಗ್ ಕ್ಲಾಸಿನವರ ನಡುವೆ.

ಇಲ್ಲೇ ಇನ್ನೊಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ಪೇಜು ನನ್ನದು ಅಂತ ನಾನು ತಿಳಿದಿದ್ದೆ. ಅಲ್ಲ. ದಾರಿ ಅವರದ್ದು, ನಾನು ದಾರಿ ಬದಿಯಲ್ಲಿ ಗಾಡಿ ಇಟ್ಟವನು. ನಾಲ್ಕು ಸಾವಿರ ಜನ ಫಾಲೋ ಮಾಡಿದ್ದರೂ ಒಂದು ಪೋಸ್ಟು ಅವರೆಲ್ಲರಿಗೂ ಹೋಗುವುದಿಲ್ಲ. ಯಾರಿಗೆ ತೋರಿಸಬೇಕು ಅಂತ ಆ್ಯಪ್ ತೀರ್ಮಾನ ಮಾಡುತ್ತದೆ. ಎಲ್ಲರಿಗೂ ತೋರಿಸಬೇಕಾ, ದುಡ್ಡು ಕಟ್ಟು. ಶುರುವಿನಲ್ಲಿ ದಾರಿ ಬಿಟ್ಟಿ ಇರುತ್ತದೆ, ಜನ ತುಂಬಿದ ಮೇಲೆ ಟೋಲ್ ಗೇಟ್ ಬರುತ್ತದೆ. ದಾರಿ ಮುಚ್ಚಿದರೆ ಗಾಡಿಯೂ ಇಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್‌ನಲ್ಲಿ ಲಕ್ಷಗಟ್ಟಲೆ ಜನರನ್ನು ಸೇರಿಸಿಕೊಂಡಿದ್ದವರು ಬೆಳಗಾಗುವುದರೊಳಗೆ ಶೂನ್ಯದಿಂದ ಶುರು ಮಾಡಬೇಕಾಯಿತು. 2021ರ ಅಕ್ಟೋಬರ್ 4ರಂದು ಒಳಗಿನ ಒಂದು ತಪ್ಪು ಆದೇಶದಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ನಿಂತವು. ನಮ್ಮಲ್ಲಿ ಆಗ ರಾತ್ರಿ. ವಾಟ್ಸಾಪ್‌ನಲ್ಲೇ ಆರ್ಡರ್ ಹಿಡಿಯುವ ಬೇರೆ ದೇಶಗಳ ಸಣ್ಣ ಅಂಗಡಿಯವರಿಗೆ ಅದು ಹಗಲು.

ಅತ್ತಿಗೆಯ ನೋಟ್‌ಬುಕ್ ಆ ಮೊಳೆಗೇ ನೇತಾಡುತ್ತಿರುತ್ತದೆ. ಅದರಲ್ಲಿ ಫೋನ್ ನಂಬರುಗಳೂ ಇವೆ.

ಬಲೆಗೆ ಇನ್ನೊಂದು ಮುಖ ಇದೆ. ಒಳ್ಳೆಯ ಸುದ್ದಿ ಯಾವ ದಾರಿಯಲ್ಲಿ ಹೋಗುತ್ತದೋ ಕೆಟ್ಟ ಸುದ್ದಿಯೂ ಅದೇ ದಾರಿಯಲ್ಲಿ, ಇನ್ನೂ ಬೇಗ. ಎರಡನೇ ವರ್ಷ ಆ ಅಪಾರ್ಟ್‌ಮೆಂಟಿಗೆ ಕಳಿಸಿದ ಪೆಟ್ಟಿಗೆಯಲ್ಲಿ ಏಳು ಬಾಟಲಿ ಸೋರಿ ಹೋಗಿತ್ತು. ಮುಚ್ಚಳ ಸಡಿಲ ಇತ್ತೋ, ಕೊರಿಯರ್‌ನವರು ತಲೆಕೆಳಗೆ ಇಟ್ಟರೋ, ದೇವರಿಗೇ ಗೊತ್ತು. ಗ್ರೂಪಿನಲ್ಲಿ ಫೋಟೋ ಬಂತು. ಎಣ್ಣೆ ಕುಡಿದ ರಟ್ಟಿನ ಪೆಟ್ಟಿಗೆ, ಬಾಟಲಿ ಒಡೆದಂತೆ ಕಾಣುವ ಕೆಂಪು ಕಲೆ. ಸಂಜೆಯೊಳಗೆ ಇನ್ನೂ ಮೂವರು ‘ನಮ್ಮದು ಕ್ಯಾನ್ಸಲ್ ಮಾಡಿ’ ಅಂದರು. ಮದುವೆಗೆ ಬಂದಿದ್ದ ಹುಡುಗಿ ಅತ್ತಿಗೆಗೆ ಫೋನ್ ಮಾಡಿ ಅಳುವುದೊಂದು ಬಾಕಿ. ಹೆಸರು ಅವಳದ್ದು ಹೋಯಿತಲ್ಲ.

ಅತ್ತಿಗೆ ಏಳು ಮನೆಗೂ ತಾವೇ ಫೋನ್ ಮಾಡಿದರು. ಹೊಸ ಬಾಟಲಿ ತುಂಬಿ, ಮುಚ್ಚಳದ ಮೇಲೆ ಬಟ್ಟೆ ಕಟ್ಟಿ, ಮೇಣ ಹಚ್ಚಿ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದ ಡೇರಿಯವರ ಮಗನ ಕೈಯಲ್ಲಿ ಕಳಿಸಿದರು. ಹಳೆಯದಕ್ಕೆ ದುಡ್ಡು ಬೇಡ ಅಂದರು. ಮರುದಿನ ಅದೇ ಗ್ರೂಪಿನಲ್ಲಿ ಮೇಣ ಹಚ್ಚಿದ ಬಾಟಲಿಗಳ ಫೋಟೋ ಬಂತು. ಆ ತಿಂಗಳು ಅಲ್ಲಿಂದ ಬಂದ ಆರ್ಡರ್ ಹಿಂದಿನ ವರ್ಷಕ್ಕಿಂತ ಜಾಸ್ತಿ.

ಎಲ್ಲರಿಗೂ ಎಲ್ಲರೂ ಗೊತ್ತಿರುವ ಮುಚ್ಚಿದ ಗುಂಪಿನ ಬಲ ಇದು. ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರು 1988ರಲ್ಲಿ ಇದಕ್ಕೆ ನ್ಯೂಯಾರ್ಕಿನ ಒಂದೇ ಸಮುದಾಯದ ವಜ್ರದ ವ್ಯಾಪಾರಿಗಳ ಉದಾಹರಣೆ ಕೊಟ್ಟಿದ್ದರು. ಒಬ್ಬ ಇನ್ನೊಬ್ಬನ ಕೈಗೆ ವಜ್ರದ ಚೀಲವನ್ನೇ ಕೊಟ್ಟು ಮನೆಗೆ ಒಯ್ದು ನೋಡಿಕೊಂಡು ಬಾ ಅನ್ನುತ್ತಾನೆ. ಕಾಗದ ಇಲ್ಲ, ರುಜು ಇಲ್ಲ. ಒಂದು ಕಲ್ಲು ಬದಲಾಯಿಸಿದರೆ ನೆಂಟಸ್ತನ, ಪ್ರಾರ್ಥನಾ ಮಂದಿರ, ಕೇರಿ ಎಲ್ಲ ಒಟ್ಟಿಗೆ ಕೈತಪ್ಪುತ್ತದೆ. ವಕೀಲರ ಖರ್ಚು, ಕರಾರಿನ ಖರ್ಚು, ವಿಮೆಯ ಖರ್ಚು ಎಲ್ಲ ಉಳಿಯಿತು. ಉಳಿದ ಖರ್ಚೂ ಲಾಭವೇ ಅಲ್ವಾ? ಇಂಥ ಗುಂಪು ಹೊರಗಿನವರಿಗೆ ಬಾಗಿಲು ಮುಚ್ಚುವುದೂ ನಿಜ. ‘ಯಾರ ಕಡೆಯವರು’ ಅನ್ನುವ ಪ್ರಶ್ನೆಗೆ ಹೇಳಲು ಯಾರ ಹೆಸರೂ ಇಲ್ಲದವನಿಗೆ ಸಾಲವೂ ಸಿಗಲಿಲ್ಲ, ಮನೆಯೂ ಬಾಡಿಗೆಗೆ ಸಿಗಲಿಲ್ಲ ಅನ್ನುವುದನ್ನು ನಾವು ನೋಡಿದ್ದೇವೆ. ನನ್ನ ಪೇಜಿನಿಂದ ಬಂದ ಹನ್ನೊಂದು ಜನರಲ್ಲಿ ಯಾರೂ ಯಾರ ಕಡೆಯವರೂ ಆಗಿರಲಿಲ್ಲ. ಇನ್‌ಸ್ಟಾಗ್ರಾಂ ಇಲ್ಲದಿದ್ದರೆ ಅವರು ಅತ್ತಿಗೆಯ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಮೈಕಿಗೂ ಅಷ್ಟು ಮರ್ಯಾದೆ ಸಲ್ಲಬೇಕು.

ಸಣ್ಣ ವ್ಯಾಪಾರ ಮಾಡುವವರು ಯಾರಾದರೂ ನನ್ನನ್ನು ಕೇಳಿದರೆ ಈಗ ನಾನು ಲೈಕು, ವ್ಯೂಸ್ ಲೆಕ್ಕ ಕೇಳುವುದಿಲ್ಲ. ಎರಡನೇ ಸಲ ಬಂದವರು ಎಷ್ಟು, ಇನ್ನೊಬ್ಬರನ್ನು ಕರೆತಂದವರು ಎಷ್ಟು, ಬಂದವರೆಲ್ಲ ಒಂದೇ ಕಡೆಯವರಾ, ಬೇರೆ ಬೇರೆ ಕಡೆಯವರಾ ಅಂತ ಕೇಳುತ್ತೇನೆ. ಖರ್ಚಿನಲ್ಲಿ ತಮ್ಮ ಹೊತ್ತನ್ನೂ ಬರೆಯಿರಿ ಅನ್ನುತ್ತೇನೆ. ಆ ಒಂದು ರೀಲ್ ಎಡಿಟ್ ಮಾಡಲು ನನಗೆ ಎರಡು ಭಾನುವಾರ ಹಿಡಿದಿತ್ತು.

ಈ ವರ್ಷ ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆ. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಹೊಸ ಮಿಡಿಯ ಸೊನೆ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅತ್ತಿಗೆ ಫೋನಿನಲ್ಲಿದ್ದರು. ಪುಣೆಯಿಂದ ಯಾರೋ ಕನ್ನಡದವರು, ಮೂವತ್ತು ಬಾಟಲಿ ಬೇಕಂತೆ. ಮಾಮೂಲಿ ಪ್ರಶ್ನೆ ಬಂತು. ಆ ಕಡೆಯವರು ಉದ್ದಕ್ಕೆ ಏನೋ ಹೇಳುತ್ತಾ ಹೋದರು, ಅತ್ತಿಗೆ ಹೂಂ, ಹೂಂ ಅನ್ನುತ್ತಾ ಹುಬ್ಬು ಗಂಟು ಹಾಕಿದರು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, “ಏಳು ವರ್ಷದ ಹಿಂದೆ ನಮ್ಮಲ್ಲಿಗೆ ಬೋರ್‌ವೆಲ್ ಪಾಯಿಂಟ್ ನೋಡಕ್ಕೆ ಬಂದಿದ್ರಂತೆ ಇವರ ಭಾವ. ಊಟಕ್ಕೆ ಬಡಿಸಿದ್ವಂತೆ. ನಂಗೆ ಮುಖವೂ ನೆನಪಿಲ್ಲ ಮಾರಾಯ, ನೀರೂ ಬೀಳಲಿಲ್ಲ ಆ ಪಾಯಿಂಟಲ್ಲಿ” ಅಂದರು. ಆಮೇಲೆ ದಾರ ಎಳೆದು ಪೆನ್ನು ಹಿಡಿದು ಐದನೇ ಕಾಲಂನಲ್ಲಿ ‘ಬೋರ್‌ವೆಲ್’ ಅಂತ ಬರೆದರು.